ಹಳೆಯ ಲೆನ್ಸನ್ನು ಬೆರಳಿನಿಂದ ಆರಿಸಿ

1950ರ ದಶಕದ ಒಂದು 50 ಮಿ.ಮೀ. ಲೆನ್ಸು, ಈಚಿನ ಇನ್ನೊಂದು 50 ಮಿ.ಮೀ. ಲೆನ್ಸು. ಎರಡನ್ನೂ ಒಂದೇ ಕ್ಯಾಮೆರಾಕ್ಕೆ ಒಂದಾದ ಮೇಲೊಂದು ಹಾಕಿ, ಟ್ರೈಪಾಡಿನ ಮೇಲಿಟ್ಟು, ಎಫ್/5.6ರಲ್ಲಿ (ಬೆಳಕು ಒಳಬರುವ ಕಿಂಡಿ, ಅಂದರೆ ಅಪರ್ಚರಿನ ಅಳತೆ; ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು) ಹತ್ತು ದೃಶ್ಯ ತೆಗೆಯಿರಿ. ಸೂರ್ಯ ಬೆನ್ನ ಹಿಂದಿರಲಿ. ಹಳೆಯದರ ಚಿತ್ರ ಕೊಂಚ ಪೇಲವವಾಗಿ ಕಂಡರೆ ಕಂಪ್ಯೂಟರಿನಲ್ಲಿ ಕಪ್ಪನ್ನು ಒಂದಿಷ್ಟು ಗಾಢ ಮಾಡಿ ಎರಡನ್ನೂ ಸಮಕ್ಕೆ ತನ್ನಿ. ಎ4 ಅಳತೆಗೆ ಪ್ರಿಂಟ್ ಹಾಕಿಸಿ, ಹಿಂಬದಿ ಪೆನ್ಸಿಲಿನಲ್ಲಿ ಗುರುತು ಬರೆದು, ಇಸ್ಪೀಟೆಲೆಯಂತೆ ಕಲಸಿ, ಒಂದು ವಾರ ಬಿಟ್ಟು ನೋಡಿ. ಹತ್ತರಲ್ಲಿ ಎಂಟು ಜೊತೆಯನ್ನು ಸರಿಯಾಗಿ ಗುರುತಿಸಿದರೆ ನಿಮ್ಮ ಕಣ್ಣು ದೊಡ್ಡದು. ಐದಕ್ಕೇ ನಿಂತರೆ ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ಹಾಗೆಂದು ಹಳೆಯ ಲೆನ್ಸು ಕೊಳ್ಳಲೇಬಾರದು ಅಂತ ಹೇಳುತ್ತಿಲ್ಲ. ದುಡ್ಡು ಕೊಟ್ಟು ತರುತ್ತಿರುವುದು ಏನನ್ನು ಅನ್ನುವುದು ಗೊತ್ತಿರಲಿ. ಮಾರುವವರು 'ಕ್ಯಾರೆಕ್ಟರ್' ಎಂದು ಕರೆಯುವ ಗುಣ ಬಹುಮಟ್ಟಿಗೆ ಪೂರ್ತಿ ತೆರೆದ ಅಪರ್ಚರಿನಿಂದ ಒಂದೆರಡು ಸ್ಟಾಪಿನೊಳಗೆ (ಒಂದು ಸ್ಟಾಪು ಅಂದರೆ ಬೆಳಕು ಅರ್ಧವಾಗುವ ಒಂದು ಹಂತ) ಮುಗಿದುಹೋಗುತ್ತದೆ. ಅದೂ ಹೆಚ್ಚಾಗಿ ಕಾಣುವುದು ಫ್ರೇಮಿನ ಅಂಚಿನಲ್ಲಿ ಅಥವಾ ಬೆಳಕಿಗೆ ಎದುರು ನಿಂತಾಗ. ಫೋಕಸ್ ರಿಂಗು ಎಷ್ಟು ತಿರುಗಬೇಕು, ಬೆರಳಿಗೆ ಟ್ಯಾಬು (ರಿಂಗಿನ ಮೇಲಿನ ಚಿಕ್ಕ ಹಿಡಿ) ಸಿಗುತ್ತದೋ ಇಲ್ಲವೋ, ಅಪರ್ಚರ್ ರಿಂಗು ಕಿಟಕ್ಕೆಂದು ನಿಲ್ಲುತ್ತದೋ ಜಾರುತ್ತದೋ, ಇಂಥವು ಮಾತ್ರ ಎಫ್/2ರಲ್ಲೂ ಎಫ್/11ರಲ್ಲೂ, ತೆಗೆದ ಪ್ರತಿಯೊಂದು ಚಿತ್ರದಲ್ಲೂ ತಲೆಹಾಕುತ್ತವೆ. ಹಳೆಯ ರೇಂಜ್‌ಫೈಂಡರ್ ಲೆನ್ಸನ್ನು (ಎರಡು ಬಿಂಬ ಒಂದಾಗುವಂತೆ ರಿಂಗು ತಿರುಗಿಸಿ ಫೋಕಸ್ ಮಾಡುವ ಕ್ಯಾಮೆರಾದ ಲೆನ್ಸನ್ನು) ಕಣ್ಣಿನಿಂದ ಆರಿಸುವುದಕ್ಕಿಂತ ಬೆರಳಿನಿಂದ ಆರಿಸುವುದು ಮೇಲು ಎನ್ನುವ ವಾದಕ್ಕೆ ಕಾರಣ ಇದೇ.

ನಿಜವಾದ ವ್ಯತ್ಯಾಸ ಇರುವ ಜಾಗವನ್ನು ಮೊದಲು ಒಪ್ಪಿಕೊಳ್ಳೋಣ. ಅದು ಸೋನಾರ್ ವಂಶ. ಲುಡ್ವಿಗ್ ಬರ್ಟೆಲೆ ಎಂಬಾತ ಝೈಸ್ ಕಂಪನಿಗಾಗಿ ರೂಪಿಸಿದ 50 ಮಿ.ಮೀ. ಎಫ್/1.5 ಸೋನಾರ್ 1932ರದು. ಆಗ ಲೆನ್ಸಿನ ಮೇಲೆ ಪ್ರತಿಫಲನ ತಗ್ಗಿಸುವ ಕೋಟಿಂಗ್ ಇರಲಿಲ್ಲ. ಗಾಳಿಗೆ ತೆರೆದ ಗಾಜಿನ ಒಂದೊಂದು ಮೈಯಲ್ಲೂ ಸುಮಾರು ಶೇ. 4ರಷ್ಟು ಬೆಳಕು ಪ್ರತಿಫಲಿಸಿ ಹೋಗುತ್ತಿತ್ತು. ನಾಲ್ಕು ಗುಂಪಾಗಿ ಗಾಜುಗಳನ್ನಿಟ್ಟರೆ ಅಂಥ ಮೈ ಎಂಟು. ಒಳಬಂದ ಬೆಳಕಿನಲ್ಲಿ ಹೆಚ್ಚುಕಡಿಮೆ ಶೇ. 28ರಷ್ಟು ನಷ್ಟ. ನಷ್ಟಕ್ಕಿಂತ ಕೆಟ್ಟದ್ದು, ಹಾಗೆ ಚೆದುರಿದ್ದರಲ್ಲಿ ಒಂದು ಪಾಲು ಫಿಲ್ಮಿಗೇ ಬಂದು ಬಿದ್ದು ನೆರಳನ್ನೆಲ್ಲ ಬೂದಿ ಬಣ್ಣಕ್ಕೆ ತಿರುಗಿಸುವುದು. ಬರ್ಟೆಲೆ ಏಳು ಗಾಜುಗಳನ್ನು ಅಂಟಿಸಿ ಮೂರೇ ಗುಂಪು ಮಾಡಿದ. ಗಾಳಿಗೆ ತೆರೆದ ಮೈ ಆರಕ್ಕಿಳಿಯಿತು. ಝೈಸ್‌ನವರೇ ಆದ ಸ್ಮಕುಲ 1935ರಲ್ಲಿ ಕೋಟಿಂಗ್ ಕಂಡುಹಿಡಿದ ಮೇಲೆ ಈ ಲೆಕ್ಕಾಚಾರದ ಒತ್ತಡ ಕಡಿಮೆಯಾಯಿತು. ಆದರೆ ಅಷ್ಟರಲ್ಲಿ ಸೋನಾರ್ ಬೇರೂರಿತ್ತು. ಯುದ್ಧಾನಂತರದ ಸೋವಿಯತ್ ಜುಪಿಟರ್-3, ಜುಪಿಟರ್-8, ಜಪಾನಿನ ನಿಕ್ಕೋರ್ 5 ಸೆಂ.ಮೀ. ಎಫ್/1.4 ಎಲ್ಲವೂ ಅದೇ ಮನೆತನದವು.

ಆ ಮೂರು ಗುಂಪಿನ ಕಟ್ಟಡಕ್ಕೆ ತೆತ್ತ ಬೆಲೆಯೇ ಇವತ್ತಿನ 'ಸೋನಾರ್ ಲುಕ್'. ಗೋಳದ ದೋಷ, ಅಂದರೆ ಸ್ಫೆರಿಕಲ್ ಅಬರೇಶನ್, ಪೂರ್ತಿ ತಿದ್ದಿಲ್ಲ. ಎಫ್/1.5ರಲ್ಲಿ ಮುಖದ ಗೆರೆಗಳ ಮೇಲೆ ತೆಳುವಾದ ಹೊಳಪಿನ ಪೊರೆ ಕೂರುತ್ತದೆ, ಹಿನ್ನೆಲೆ ಮೆತ್ತಗೆ ಕರಗುತ್ತದೆ. ಒಂದೂವರೆ ಮೀಟರಿನಲ್ಲಿ ಕಿಟಕಿಯ ಪಕ್ಕ ಕೂತವರ ಮುಖ ತೆಗೆಯುವುದೇ ನಿಮ್ಮ ಕೆಲಸವಾದರೆ ಸೋನಾರ್ ಕೊಳ್ಳಿ, ಯಾರ ಮಾತೂ ಕೇಳಬೇಡಿ. ಆದರೆ ಅದೇ ದೋಷ ಇನ್ನೊಂದು ಕಡೆ ಕೈಕೊಡುತ್ತದೆ: ಅಪರ್ಚರ್ ಕಿರಿದು ಮಾಡುತ್ತ ಹೋದಂತೆ ಫೋಕಸ್ ಹಿಂದಕ್ಕೆ ಸರಿಯುತ್ತದೆ. ಎಫ್/1.5ಕ್ಕೆ ಹೊಂದಿಸಿದ ಲೆನ್ಸು ಎಫ್/2.8ರಲ್ಲಿ ಕಣ್ಣು ಬಿಟ್ಟು ಕಿವಿಯನ್ನು ಹಿಡಿಯುತ್ತದೆ. ಎಫ್/2.8ಕ್ಕೆ ಹೊಂದಿಸಿದ್ದು ಪೂರ್ತಿ ತೆರೆದಾಗ ಮೂಗಿನ ತುದಿಗೆ ನಿಲ್ಲುತ್ತದೆ. ಎಫ್/5.6 ದಾಟಿದ ಮೇಲೆ ಡೆಪ್ತ್, ಅಂದರೆ ಚೊಕ್ಕಟವಾಗಿ ಕಾಣುವ ಆಳ, ಹೆಚ್ಚಿ ಎರಡೂ ತಪ್ಪು ಮುಚ್ಚಿಹೋಗುತ್ತವೆ. ನಿಮ್ಮ ಕೈಲಿರುವುದು ಯಾವ ಜಾತಿಯದು ಎಂದು ಮಾರುವವರಿಗೂ ಗೊತ್ತಿರುವುದಿಲ್ಲ. ಅಳೆದೇ ನೋಡಬೇಕು, ಅಳೆಯುವ ಬಗೆ ಮುಂದಿದೆ.

ಇಲ್ಲೊಂದು ತಮಾಷೆಯಿದೆ. 1950ರಲ್ಲಿ ಟೋಕಿಯೋದಲ್ಲಿದ್ದ ಅಮೆರಿಕದ 'ಲೈಫ್' ಪತ್ರಿಕೆಯ ಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್, ಜಪಾನಿನ ಜುನ್ ಮಿಕಿ 85 ಮಿ.ಮೀ. ನಿಕ್ಕೋರಿನಲ್ಲಿ ತೆಗೆದ ತನ್ನದೇ ಚಿತ್ರದ ಪ್ರಿಂಟು ನೋಡಿ ಬೆರಗಾದ. ಆಮೇಲೆ ನಿಕ್ಕೋರ್ ಲೆನ್ಸುಗಳನ್ನು ತನ್ನ ಜರ್ಮನ್ ಲೈಕಾ ಕ್ಯಾಮೆರಾಗಳಿಗೆ ಹಾಕಿಕೊಂಡು ಕೊರಿಯಾ ಯುದ್ಧಕ್ಕೆ ಹೋದ. ಅವನನ್ನು ಸೆಳೆದದ್ದು ಆ ಲೆನ್ಸಿನ ಮೊನಚು. ಅಂದಿನವರು ಬೈದುಕೊಂಡು ತಿದ್ದಲು ಹೆಣಗಿದ ಮಬ್ಬನ್ನೇ ಇವತ್ತು ನಾವು ಹರಾಜು ಕೂಗಿ ಕೊಳ್ಳುತ್ತಿದ್ದೇವೆ.

ಈಗ ಬಿಸಿಲಿನ ಲೆಕ್ಕ. ನೆತ್ತಿ ಸುಡುವ ಬಿಸಿಲಿನಲ್ಲಿ ಐಎಸ್‌ಒ 400 ಫಿಲ್ಮಿಗೆ (ಈ ಅಂಕಿ ಬೆಳಕಿಗೆ ಸ್ಪಂದಿಸುವ ಚುರುಕನ್ನು ಹೇಳುತ್ತದೆ) ಎಫ್/16, 1/500 ಸೆಕೆಂಡು. ಅಲ್ಲಿಂದ ಎಫ್/1.4ಕ್ಕೆ ಬರಲು ಏಳು ಸ್ಟಾಪು, ಅಂದರೆ ಶಟರ್ 1/64,000 ಆಗಬೇಕು. ಲೈಕಾ ಎಂ3, ಎಂ6ಗಳ ಶಟರ್ 1/1000ಕ್ಕೆ ನಿಲ್ಲುತ್ತದೆ. ಉಳಿದ ಆರು ಸ್ಟಾಪು ನುಂಗಲು, ಬೆಳಕನ್ನು 64ರಲ್ಲೊಂದು ಪಾಲಿಗೆ ಇಳಿಸುವ ಎನ್‌ಡಿ64 ಫಿಲ್ಟರ್ ಬೇಕು. ಐಎಸ್‌ಒ 200, ಶಟರ್ 1/4000 ಇರುವ ಡಿಜಿಟಲ್ ಕ್ಯಾಮೆರಾದಲ್ಲೂ ಎನ್‌ಡಿ8 ಇಲ್ಲದೆ ಆಗದು. ಜುಪಿಟರ್-3, ಜುಪಿಟರ್-8ಕ್ಕೆ 40.5 ಮಿ.ಮೀ. ಫಿಲ್ಟರ್, ಆ ಕಾಲದ ಕ್ಯಾನನ್ 50 ಮಿ.ಮೀ. ಎಫ್/1.8ಕ್ಕೆ 40 ಮಿ.ಮೀ., ಲೈಕಾದ ಹಲವಕ್ಕೆ 39 ಮಿ.ಮೀ. 40 ಮತ್ತು 40.5 ನೋಡಲು ಒಂದೇ ಥರ. ಬಲವಂತವಾಗಿ ತಿರುಗಿಸಿದರೆ ತಿರುಪಿನ ಪುರಿ ಸವೆದುಹೋಗುತ್ತದೆ. ಫಿಲ್ಟರ್ ಹುಡುಕಿ ತರುವ ಉಸಾಬರಿ ಬೇಡವೆಂದು ಹೆಚ್ಚಿನವರು ಮಾಡುವುದೇನು? ಎಫ್/1.4ಕ್ಕೆ ದುಡ್ಡು ಸುರಿದು ಹಗಲೆಲ್ಲ ಎಫ್/8ರಲ್ಲಿ ತೆಗೆಯುತ್ತಾರೆ. ಆ ಕೆಲಸವನ್ನು ಲೈಕಾದ ಎಫ್/2.8 ಸುಮ್ಮರಾನ್ ಲೆನ್ಸು ಅದರ ಅರ್ಧ ಗಾತ್ರದಲ್ಲಿ ಮಾಡಿ ಮುಗಿಸುತ್ತದೆ.

ಇನ್ನು ಫೋಕಸ್. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಲೆನ್ಸಿನ ತಲೆಗೆ ಕಟ್ಟುವ ತಪ್ಪುಗಳಲ್ಲಿ ಬಹುಪಾಲು ಇಲ್ಲೇ ಹುಟ್ಟುತ್ತವೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ರೇಂಜ್‌ಫೈಂಡರಿನ ಮಟ್ಟಿಗೆ ಅರ್ಧ ಮಾತ್ರ ನಿಜ. ಇಲ್ಲಿ ನೆಲವೂ ಒಮ್ಮೊಮ್ಮೆ ಡೊಂಕಿರುತ್ತದೆ. ಎಷ್ಟು ಡೊಂಕೆಂದು ಸ್ಕೇಲಿಟ್ಟು ಅಳೆಯಬಹುದು ಅನ್ನುವುದೇ ಸಮಾಧಾನ.

50 ಮಿ.ಮೀ. ಲೆನ್ಸು, ಎಫ್/1.5, ಒಂದು ಮೀಟರ್ ದೂರ. ಚೊಕ್ಕಟವಾಗಿ ಕಾಣುವ ಆಳ ಒಟ್ಟು ಸುಮಾರು 3 ಸೆಂ.ಮೀ.; ಫೋಕಸ್ ಬಿಂದುವಿನ ಹಿಂದೆ ಒಂದೂವರೆ, ಮುಂದೆ ಒಂದೂವರೆ. ರೇಂಜ್‌ಫೈಂಡರಿನಲ್ಲಿ ಫೋಕಸ್ ಮಾಡುವ ಚೌಕ ನಡುವಿನಲ್ಲಿ ಮಾತ್ರ ಇರುವುದರಿಂದ ಕಣ್ಣಿಗೆ ಫೋಕಸ್ ಮಾಡಿ, ಆಮೇಲೆ ಕ್ಯಾಮೆರಾ ತಿರುಗಿಸಿ ಫ್ರೇಮು ಕೂಡಿಸುವುದು ರೂಢಿ. ಹಾಗೆ ಹತ್ತು ಡಿಗ್ರಿ ತಿರುಗಿಸಿದರೆ ಫೋಕಸ್ ನಿಂತ ಸಮತಲ ಕಣ್ಣಿನಿಂದ ಒಂದೂವರೆ ಸೆಂ.ಮೀ. ಹಿಂದಕ್ಕೆ ಹೋಗುತ್ತದೆ. ಹದಿನೈದು ಡಿಗ್ರಿ ತಿರುಗಿಸಿದರೆ 3.4 ಸೆಂ.ಮೀ. ಅಂದರೆ ಲೆನ್ಸು, ಕ್ಯಾಮೆರಾ ಎರಡೂ ಕರಾರುವಾಕ್ಕಾಗಿದ್ದರೂ ಕಣ್ಣು ಮಬ್ಬು, ಕಿವಿ ಚೊಕ್ಕ. ಮದ್ದು ಸುಲಭ: ಕ್ಯಾಮೆರಾ ತಿರುಗಿಸಿದ ಮೇಲೆ ಸೊಂಟದಿಂದ ಎರಡು ಬೆರಳಗಲ ಹಿಂದಕ್ಕೆ ವಾಲಿ ಕ್ಲಿಕ್ ಮಾಡಿ. ಇಲ್ಲವೇ ಮೂರು ಚಿತ್ರ ತೆಗೆಯಿರಿ, ಒಂದು ನೆಟ್ಟಗೆ, ಒಂದು ಹಿಂದೆ ವಾಲಿ, ಒಂದು ಇನ್ನಷ್ಟು ವಾಲಿ. ಇದನ್ನು ಕಲಿಯದೆ ಮೂರು ಬೇರೆ ಬೇರೆ 50 ಮಿ.ಮೀ. ಕೊಂಡು ಮೂರನ್ನೂ 'ಪೂರ್ತಿ ತೆರೆದಾಗ ಮೆತ್ತಗೆ' ಎಂದು ಮಾರಿದವರಿಗೆ ಲೆಕ್ಕವಿಲ್ಲ.

ಕ್ಯಾಮೆರಾದ ಪಾಲೂ ಇದೆ. ರೇಂಜ್‌ಫೈಂಡರಿನ ಎರಡು ಕಿಟಕಿಗಳ ನಡುವಿನ ಅಂತರವನ್ನು ವ್ಯೂಫೈಂಡರಿನ ಹಿಗ್ಗಿಸುವ ಪ್ರಮಾಣದಿಂದ ಗುಣಿಸಿದರೆ ಫೋಕಸಿನ ನಿಖರತೆಯ ಅಂದಾಜು ಸಿಗುತ್ತದೆ; ಅಂಕಿ ದೊಡ್ಡದಾದಷ್ಟೂ ನಿಖರ. ಲೈಕಾ ಎಂ3ಗೆ ಅದು ಸುಮಾರು 62 ಮಿ.ಮೀ., 0.72 ವ್ಯೂಫೈಂಡರಿನ ಎಂ6ಗೆ ಸುಮಾರು 50, ವೊಯ್ಟ್‌ಲೆಂಡರ್ ಹೆಸರಿನ ಬೆಸ್ಸಾ ಆರ್‌ಗೆ ಸುಮಾರು 25. ಬೆಸ್ಸಾ ಆರ್ ಮೇಲೆ 50 ಮಿ.ಮೀ. ಎಫ್/1.5 ಹಾಕಿ ಒಂದು ಮೀಟರಿನಲ್ಲಿ ಮುಖ ತೆಗೆಯಹೊರಟರೆ ಅದೃಷ್ಟ ಪರೀಕ್ಷೆ. ಅದೇ ದೇಹಕ್ಕೆ 35 ಮಿ.ಮೀ. ಎಫ್/2.5 ಹೇಳಿ ಮಾಡಿಸಿದ ಜೋಡಿ.

ಲೆನ್ಸಿನೊಳಗೆ ಶಿಮ್ ಎಂಬ ತೆಳು ಲೋಹದ ಬಳೆಯೊಂದು ಕೂತಿರುತ್ತದೆ. ಗಾಜಿನ ಗುಂಪು ಫಿಲ್ಮಿನಿಂದ ಎಷ್ಟು ದೂರ ಇರಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ಹಳೆಯ ಜುಪಿಟರುಗಳನ್ನು ಎಷ್ಟೋ ಕೈಗಳು ಬಿಚ್ಚಿ, ಗ್ರೀಸು ಬದಲಿಸಿ, ಮತ್ತೆ ಜೋಡಿಸಿವೆ. ಬಳೆ ಕಳೆದೋ ಅದಲುಬದಲಾಗಿಯೋ ಇರುತ್ತದೆ. ಅರ್ಧ ಹಾಳೆಯ ದಪ್ಪ, ಅಂದರೆ 0.05 ಮಿ.ಮೀ. ವ್ಯತ್ಯಾಸವಾದರೂ ಒಂದು ಮೀಟರಿನಲ್ಲಿ ಫೋಕಸ್ ಸುಮಾರು 16 ಮಿ.ಮೀ. ತಪ್ಪುತ್ತದೆ. ಇದರ ಮೇಲೆ, ಲೈಕಾದ ರೇಂಜ್‌ಫೈಂಡರ್ 51.6 ಮಿ.ಮೀ. ಫೋಕಲ್ ಉದ್ದವನ್ನು ಮಾನಕವಾಗಿಟ್ಟುಕೊಂಡದ್ದು. ಜುಪಿಟರುಗಳು ಝೈಸಿನ ಕಾಂಟ್ಯಾಕ್ಸ್ ಕ್ಯಾಮೆರಾದ ಮಾನಕದಿಂದ ಇಳಿದು ಬಂದವು, ಅದು ಕೊಂಚ ಬೇರೆ. ಹಾಗಾಗಿ ದೂರದಲ್ಲಿ ಸರಿಯಿದ್ದ ಜುಪಿಟರ್ ಲೈಕಾ ಮೇಲೆ ಹತ್ತಿರ ಬಂದಂತೆ ತಪ್ಪುವುದು ಸಾಮಾನ್ಯ. ಮಿರರ್‌ಲೆಸ್ ಕ್ಯಾಮೆರಾದವರಿಗೆ ಈ ತಲೆನೋವಿಲ್ಲ. ಸೆನ್ಸರ್ ಕಂಡದ್ದನ್ನೇ ನೋಡಿ ಫೋಕಸ್ ಮಾಡುವುದರಿಂದ ಶಿಮ್ ಹೇಗಿದ್ದರೂ ಮುಖ ಚೊಕ್ಕ ಬರುತ್ತದೆ. ಕೆಟ್ಟರೆ ಅನಂತ ದೂರದಲ್ಲಿ ಮಾತ್ರ ಕೆಡುತ್ತದೆ.

ತಿರುಪಿ ಹಾಕುವ ಹಳೆಯ ಸ್ಕ್ರೂ ಮೌಂಟ್ ಲೆನ್ಸನ್ನು ಲೈಕಾದ ಎಂ ಮೌಂಟಿಗೆ ಕೂರಿಸುವ ಅಡಾಪ್ಟರಿನ ದಪ್ಪ ಸರಿಯಾಗಿ 1 ಮಿ.ಮೀ. ಇರಬೇಕು. ಮೌಂಟಿನಿಂದ ಫಿಲ್ಮಿಗಿರುವ ಅಂತರ ಸ್ಕ್ರೂ ಮೌಂಟಿನದು 28.8, ಎಂ ಮೌಂಟಿನದು 27.8 ಮಿ.ಮೀ. ಅಗ್ಗದ ಅಡಾಪ್ಟರ್ 1.05 ಇದ್ದರೆ 50 ಮಿ.ಮೀ. ಲೆನ್ಸಿನಲ್ಲಿ ವಿಚಿತ್ರವೊಂದು ಕಾಣುತ್ತದೆ: ಹತ್ತಿರದ ಫೋಕಸ್ ಸರಿಯೇ ಇರುತ್ತದೆ, ಏಕೆಂದರೆ ಗಾಜೂ ಕ್ಯಾಮೆರಾದ ತೋಳನ್ನು ಒತ್ತುವ ಬಳೆಯೂ ಒಟ್ಟಿಗೇ ಮುಂದೆ ಸರಿದಿರುತ್ತವೆ. ಆದರೆ ರಿಂಗನ್ನು ಕೊನೆಯವರೆಗೆ ತಿರುಗಿಸಿದರೂ ದೂರದ ಬೆಟ್ಟ ಫೋಕಸಿಗೆ ಬರುವುದಿಲ್ಲ, 50 ಮೀಟರಿಗೇ ನಿಂತುಬಿಡುತ್ತದೆ. ಕೊಳ್ಳುವಾಗ ವರ್ನಿಯರ್ ಕ್ಯಾಲಿಪರಿನಿಂದ ನಾಲ್ಕು ಕಡೆ ಅಳೆಯಿರಿ. ದಪ್ಪ ಎಲ್ಲ ಕಡೆ ಒಂದೇ ಇರುವುದೂ ಅಷ್ಟೇ ಮುಖ್ಯ. ವಾಲಿದರೆ ಒಂದು ಅಂಚು ಮಬ್ಬು.

ಪರೀಕ್ಷೆ ಹೀಗೆ. ಮಕ್ಕಳ 30 ಸೆಂ.ಮೀ. ಸ್ಕೇಲನ್ನು ಮೇಜಿನ ಮೇಲೆ 45 ಡಿಗ್ರಿ ವಾಲಿಸಿ ನಿಲ್ಲಿಸಿ. 15ರ ಗೆರೆಯ ಪಕ್ಕ ನೆಟ್ಟಗೆ ಒಂದು ವಿಸಿಟಿಂಗ್ ಕಾರ್ಡು ನಿಲ್ಲಿಸಿ, ಫೋಕಸ್ ಮಾಡುವುದು ಆ ಕಾರ್ಡಿನ ಅಂಚಿಗೆ. ಕ್ಯಾಮೆರಾ ಟ್ರೈಪಾಡಿನ ಮೇಲೆ, ಒಂದು ಮೀಟರ್ ದೂರ. ಅಪರ್ಚರ್ ಪೂರ್ತಿ ತೆರೆದು ಒಂದು, ಆಮೇಲೆ ಎಫ್/2, 2.8, 4, 5.6 ಒಂದೊಂದು. ಪ್ರತಿ ಸಲವೂ ಫೋಕಸನ್ನು ಅನಂತಕ್ಕೆ ತಿರುಗಿಸಿ ಮತ್ತೆ ಹೊಸದಾಗಿ ಹಿಡಿದು, ಇಡೀ ಸಾಲನ್ನು ಮೂರು ಸಲ ಮಾಡಿ. ಮೂರರಲ್ಲೂ ಚೊಕ್ಕ ಭಾಗ ಒಂದೇ ದಿಕ್ಕಿಗೆ ಒಂದೇ ಅಳತೆಯಲ್ಲಿ ತಪ್ಪಿದ್ದರೆ ತಪ್ಪು ಲೆನ್ಸಿನದೋ ಕ್ಯಾಮೆರಾದ್ದೋ. ಒಮ್ಮೆ ಮುಂದೆ, ಒಮ್ಮೆ ಹಿಂದೆ ಬಿದ್ದಿದ್ದರೆ ತಪ್ಪು ಕೈಯದು. ಅಪರ್ಚರ್ ಕಿರಿದಾದಂತೆ ಹಂತಹಂತವಾಗಿ ಹಿಂದೆ ಸರಿದಿದ್ದರೆ ಅದು ಸೋನಾರಿನ ಸ್ವಭಾವ, ರಿಪೇರಿಗೆ ಬಾರದ್ದು. ಒಂದು ಲೆನ್ಸು ಮಾತ್ರ ತಪ್ಪಿದರೆ ಲೆನ್ಸನ್ನು, ಇರುವವೆಲ್ಲ ತಪ್ಪಿದರೆ ಕ್ಯಾಮೆರಾವನ್ನು ಮೆಕ್ಯಾನಿಕ್ಕಿಗೆ ಕೊಡಿ. ಕ್ಯಾಮೆರಾದೊಳಗಿನ ಉರುಳೆಯನ್ನು ಸ್ಕ್ರೂಡ್ರೈವರಿನಿಂದ ತಿರುಗಿಸುವ ವಿಡಿಯೋಗಳು ಸಿಗುತ್ತವೆ, ಅವನ್ನು ನೋಡಿ ಸುಮ್ಮನಾಗುವುದು ಒಳ್ಳೆಯದು. ದೂರಕ್ಕೆ ಸರಿಮಾಡಿದರೆ ಹತ್ತಿರದ್ದು ಕೆಡುತ್ತದೆ.

ಕೈನಡುಕದ ಪರೀಕ್ಷೆ ಇನ್ನೂ ಸರಳ. ಗೋಡೆಗೆ ದಿನಪತ್ರಿಕೆ ಅಂಟಿಸಿ, ಎರಡು ಮೀಟರ್ ದೂರದಿಂದ 1/125, 1/60, 1/30, 1/15ರಲ್ಲಿ ಹತ್ತು ಹತ್ತು ಚಿತ್ರ. ನೂರಕ್ಕೆ ನೂರು ಹಿಗ್ಗಿಸಿ ನೋಡಿ, ಸಣ್ಣಕ್ಷರ ಓದಲು ಬಂದವನ್ನು ಎಣಿಸಿ. ಒಂದನ್ನು ಫೋಕಲ್ ಉದ್ದದಿಂದ ಭಾಗಿಸಿದಷ್ಟು ಶಟರ್, 50 ಮಿ.ಮೀ.ಗೆ 1/50, ಎಂಬ ಹಳೆಯ ಸೂತ್ರ ಸಣ್ಣ ಪ್ರಿಂಟಿನ ಕಾಲದ್ದು. 24 ಮೆಗಾಪಿಕ್ಸೆಲಿನಲ್ಲಿ ಅದರ ಎರಡರಷ್ಟು ವೇಗ ಬೇಕು. 1/60ರಲ್ಲಿ ಹತ್ತಕ್ಕೆ ಆರು ಬಂದರೆ ಬಟನ್ ಒತ್ತುವ ರೀತಿಯನ್ನು ಬದಲಿಸಿ ನೋಡಿ. ಬೆರಳ ತುದಿಯಿಂದ ಕುಕ್ಕಬೇಡಿ. ಬೆರಳಿನ ಮೊದಲ ಗೆಣ್ಣನ್ನು ಬಟನ್ನಿನ ಸುತ್ತಲ ಬಳೆಯ ಮೇಲೆ ಮಲಗಿಸಿ ಹೊರಳಿಸಿ. ಮೊಣಕೈ ಪಕ್ಕೆಗೆ ಒತ್ತಿರಲಿ, ಉಸಿರು ಬಿಟ್ಟು ಮುಗಿದ ಕ್ಷಣದಲ್ಲಿ ಒತ್ತಿ. ಇಷ್ಟರಿಂದ ಆರು ಎಂಟಾದರೆ ಯಾವ ಲೆನ್ಸು ಬದಲಿಸಿದರೂ ಸಿಗದಷ್ಟು ಲಾಭ ಸಿಕ್ಕಿದಂತೆ.

ಇಷ್ಟಾದ ಮೇಲೆ ಅಂಗಡಿಗೆ ಹೋಗೋಣ. ಲೆನ್ಸನ್ನು ಕೈಗೆತ್ತಿಕೊಂಡ ಕೂಡಲೇ ಗಾಜಿನೊಳಗೆ ಇಣುಕಬೇಡಿ. ಕ್ಯಾಮೆರಾಕ್ಕೆ ಹಾಕಿ, ಕಣ್ಣು ಮುಚ್ಚಿ, ಅನಂತದಿಂದ ಒಂದು ಮೀಟರಿಗೆ ತಿರುಗಿಸಿ. ಬೆರಳು ಒಂದೇ ಹಿಡಿತದಲ್ಲಿ ಹೋಗಿ ಮುಟ್ಟಬೇಕು. ಎರಡು ಸಲ ಹಿಡಿ ಬದಲಿಸಬೇಕಾದರೆ ಬೀದಿಯಲ್ಲಿ ಅದು ನಿಮ್ಮ ಕೈಗೆ ನಿಧಾನ. ಗ್ರೀಸು ಗಟ್ಟಿಯಾಗಿ ರಿಂಗು ಬಿಗಿಯಾಗಿದ್ದರೆ ಅದು ಸರ್ವಿಸಿನಲ್ಲಿ ಸರಿಹೋಗುವ ದೋಷ. ಒಂದು ಜಾಗದಲ್ಲಿ ಮಾತ್ರ ಕಚ್ಚಿ ಹಿಡಿದರೆ ಪುರಿ ಪೆಟ್ಟು ತಿಂದಿದೆ, ಬಿಟ್ಟುಬಿಡಿ. ಎಲ್ಮಾರ್, ಸುಮ್ಮರಾನ್ ಮತ್ತು ಹಲವು ಕ್ಯಾನನ್ ಲೆನ್ಸುಗಳಲ್ಲಿ ಅನಂತಕ್ಕೆ ಬಂದಾಗ ಬೀಗ ಬೀಳುತ್ತದೆ. ಗುಡ್ಡಬೆಟ್ಟ ತೆಗೆಯುವವರಿಗೆ ಅಡ್ಡಿಯಿಲ್ಲ, ಜನರನ್ನು ತೆಗೆಯುವವರಿಗೆ ಆ ಬೀಗ ಸರಿಯಾದ ಹೊತ್ತಿಗೇ ಕೈ ಹಿಡಿದು ನಿಲ್ಲಿಸುತ್ತದೆ. ಜುಪಿಟರ್-8ರಲ್ಲಿ ಅಪರ್ಚರಿಗೆ ಕ್ಲಿಕ್ಕಿಲ್ಲ. ಫೋಕಸ್ ಮಾಡಿದಾಗ ಮುಂಭಾಗವೆಲ್ಲ ತಿರುಗಿ ಅಪರ್ಚರಿನ ಅಂಕಿ ಕೆಳಗೆ ಹೋಗಿರುತ್ತದೆ, ಎಫ್/4 ಇಟ್ಟದ್ದು ಗೊತ್ತಿಲ್ಲದೆ ಎಫ್/3 ಆಗಿರುತ್ತದೆ. ಜುಪಿಟರ್-12ರ ಹಿಂದಿನ ಗಾಜು ಕ್ಯಾಮೆರಾದೊಳಕ್ಕೆ ಆಳವಾಗಿ ಚಾಚುತ್ತದೆ. ಲೈಕಾ ಸಿಎಲ್‌ನ ಮೀಟರ್ ತೋಳಿಗೆ ತಗುಲುವ ಅಪಾಯ, ಡಿಜಿಟಲ್ ಸೆನ್ಸರಿನಲ್ಲಿ ಮೂಲೆ ಕಲಸಿಹೋಗುವ ಪಾಡು. ಎಂ3ಗಾಗಿ ಮಾಡಿದ 'ಕನ್ನಡಕ' (ವ್ಯೂಫೈಂಡರಿನ ಮುಂದೆ ಕೂರುವ ಹೆಚ್ಚುವರಿ ಗಾಜು) ಹೊತ್ತ 35 ಮಿ.ಮೀ. ಸುಮ್ಮರಾನನ್ನು ಎಂ3 ಇಲ್ಲದವರು ಬೆಲೆ ಕಡಿಮೆಯೆಂದು ಕೊಳ್ಳುವುದು ಬೇಡ.

ಒಂದೇ ಹೆಸರು ಹೇಳಿ ಅಂದರೆ ಕ್ಯಾನನ್ 50 ಮಿ.ಮೀ. ಎಫ್/1.8. ಗಟ್ಟಿಮುಟ್ಟು, ಫೋಕಸಿಗೆ ಹಿಡಿಯಿದೆ, ಕ್ಲಿಕ್ಕಿದೆ, ಲೈಕಾ ಮಾನಕದ ಸ್ಕ್ರೂ ಮೌಂಟು. ಅದರ ಕಾಯಿಲೆ ಒಂದೇ, ಅಪರ್ಚರಿನ ಹಿಂದಿನ ಗಾಜಿನ ಮೇಲೆ ಕೂರುವ ಮಬ್ಬು. ಎಣ್ಣೆಯ ಆವಿ ವರ್ಷಗಟ್ಟಲೆ ಕೂತು ಗಾಜನ್ನೇ ಕೊರೆದುಬಿಟ್ಟಿದ್ದರೆ ಒರೆಸಿದರೂ ಹೋಗದು. ಫೋನಿನ ಟಾರ್ಚನ್ನು ಲೆನ್ಸಿನ ಹಿಂದಿನಿಂದ ಓರೆಯಾಗಿ ಹಾಯಿಸಿ, ಅಪರ್ಚರ್ ಪೂರ್ತಿ ತೆರೆದು, ಮುಂದಿನಿಂದ ನೋಡಿ. ಹಾಲು ಕಲಸಿದ ನೀರಿನಂತೆ ಕಂಡರೆ ಮಬ್ಬು. ಜೇಡರ ಬಲೆಯಂತೆ ಎಳೆಗಳಿದ್ದರೆ ಬೂಷ್ಟು. ಅಂಚಿನಿಂದ ಕಾಮನಬಿಲ್ಲಿನ ಬಣ್ಣದ ಗುಳ್ಳೆ ಹಬ್ಬಿದ್ದರೆ ಗಾಜು ಅಂಟಿಸಿದ ಗೋಂದು ಬಿಟ್ಟಿದೆ. ಮುಂದಿನ ಗಾಜಿನ ಮೇಲೆ ನಾಲ್ಕಾರು ಗೀರು ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಬೆಲೆ ಇಳಿಸಲು ಅದನ್ನು ಬಳಸಿಕೊಳ್ಳಿ. ಹಿಂದಿನ ಗಾಜಿನ ಗೀರು ಮಾತ್ರ ಚಿತ್ರಕ್ಕೆ ಇಳಿಯುತ್ತದೆ.

ಕರಾವಳಿ, ಮಲೆನಾಡಿನವರಿಗೆ ಬೂಷ್ಟಿನ ಬಗ್ಗೆ ಹೇಳಿಕೊಡಬೇಕಿಲ್ಲ, ಜೂನ್ ಬಂದರೆ ಚಪ್ಪಲಿಗೂ ಬರುತ್ತದೆ. ಚರ್ಮದ ಚೀಲದಲ್ಲಿ ಲೆನ್ಸಿಡುವುದು ಅದನ್ನು ಕರೆದು ಕೂರಿಸಿದಂತೆ. ಅಡುಗೆಮನೆಯ ಗಾಳಿಯಾಡದ ಡಬ್ಬಿ, 200 ಗ್ರಾಂ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ. ಅಂಕಿ 40ರಿಂದ 50ರ ನಡುವೆ ಇರಲಿ. 30ಕ್ಕಿಂತ ಇಳಿಯುವುದು ಬೇಡ. ಕಿತ್ತಳೆ ಜೆಲ್ ಹಸಿರಾದಾಗ, ನೀಲಿಯದು ಗುಲಾಬಿಯಾದಾಗ ಓವನ್ನಿನಲ್ಲಿ 110–120 ಡಿಗ್ರಿಗೆ ಎರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂಳುವುದು ಬೇಡ, ತೌಡು ಹೋಗಿ ಪುರಿಯಲ್ಲಿ ಕೂರುತ್ತದೆ.

ಇನ್ನು ನೋಟದ ಮಾತು. 'ಕಣ್ಣು ಬೆಳೆಸಿಕೊಳ್ಳಿ' ಎಂಬ ಉಪದೇಶ ಎಲ್ಲರೂ ಕೊಡುತ್ತಾರೆ, ಹೇಗೆಂದು ಹೇಳುವವರು ಕಡಿಮೆ. ರೇಂಜ್‌ಫೈಂಡರಿನಲ್ಲಿ ಅದಕ್ಕೊಂದು ಅಳತೆಗೋಲು ಸಿಕ್ಕುತ್ತದೆ. 35 ಮಿ.ಮೀ. ಲೆನ್ಸು ಅಡ್ಡಲಾಗಿ ಹಿಡಿಯುವ ಅಗಲ, ನಿಮಗೂ ವಸ್ತುವಿಗೂ ಇರುವ ದೂರಕ್ಕೆ ಹೆಚ್ಚುಕಡಿಮೆ ಸಮ. ಎರಡು ಮೀಟರ್ ದೂರದಲ್ಲಿ ಎರಡು ಮೀಟರ್ ಅಗಲ. ಕ್ಯಾಮೆರಾ ನಿಲ್ಲಿಸಿ ಹಿಡಿದರೆ ಎರಡು ಮೀಟರ್ ಎತ್ತರ, ಅಂದರೆ ನಿಂತ ಮನುಷ್ಯ ತಲೆಯಿಂದ ಕಾಲಿನವರೆಗೆ ಬೀಳುತ್ತಾನೆ. 50 ಮಿ.ಮೀ.ಗೆ ದೂರದ ಮುಕ್ಕಾಲು ಪಾಲಿಗಿಂತ ತುಸು ಕಡಿಮೆ, 0.72, ಅದೇ ಮನುಷ್ಯನಿಗೆ ಸುಮಾರು ಎರಡೂ ಮುಕ್ಕಾಲು ಮೀಟರ್ ಹಿಂದೆ ನಿಲ್ಲಬೇಕು. ಈ ಒಂದು ಸಂಗತಿ ಮೈಗೂಡಿದರೆ ಕ್ಯಾಮೆರಾ ಕಣ್ಣಿಗೆ ತರುವ ಮೊದಲೇ ಫ್ರೇಮು ಕಾಣತೊಡಗುತ್ತದೆ, ಎಲ್ಲಿ ನಿಲ್ಲಬೇಕೆಂದು ಕಾಲಿಗೆ ತಿಳಿಯುತ್ತದೆ. ಲೆನ್ಸನ್ನು ತಿಂಗಳಿಗೊಂದು ಬದಲಿಸುವವರಿಗೆ ಇದು ಎಂದೂ ಮೈಗೂಡುವುದಿಲ್ಲ. ಪದೇಪದೇ ಕೊಳ್ಳುವುದರಿಂದ ಆಗುವ ದೊಡ್ಡ ನಷ್ಟ ದುಡ್ಡಿನದಲ್ಲ, ಇದರದು.

ವ್ಯೂಫೈಂಡರಿನಲ್ಲಿ ಫ್ರೇಮಿನ ಅಂಚು ತೋರಿಸುವ ಗೆರೆಗಳನ್ನು ಅಕ್ಷರಶಃ ನಂಬಬೇಡಿ. ಎಂ6ರ ಗೆರೆಗಳನ್ನು 0.7 ಮೀಟರಿಗೆ, ಡಿಜಿಟಲ್ ಎಂ9ರದನ್ನು 1 ಮೀಟರಿಗೆ, ಎಂ240 ಮತ್ತು ಎಂ10ರದನ್ನು 2 ಮೀಟರಿಗೆ ಹೊಂದಿಸಿದೆ. ಅದಕ್ಕಿಂತ ದೂರದ ದೃಶ್ಯದಲ್ಲಿ ಗೆರೆಯ ಹೊರಗಿನದೂ ಚಿತ್ರಕ್ಕೆ ಬರುತ್ತದೆ. ಎಂ6ರಲ್ಲಿ ದೂರದ ಬೀದಿ ತೆಗೆದಾಗ ಅಂಚಿನಲ್ಲಿ ಯಾರದೋ ಅರ್ಧ ಬೈಕು ನುಗ್ಗಿರುವುದು ಇದರಿಂದಲೇ. ದೂರವಿದ್ದಷ್ಟೂ ಗೆರೆಯ ಹೊರಬದಿಯನ್ನು ಫ್ರೇಮೆಂದು ತಿಳಿದು ಒಂದು ಹೆಜ್ಜೆ ಮುಂದಿಡಿ.

ವ್ಯೂಫೈಂಡರಿನಲ್ಲಿ ಎಲ್ಲವೂ ಚೊಕ್ಕವಾಗಿಯೇ ಕಾಣುತ್ತದೆ, ಹತ್ತಿರದ್ದೂ ದೂರದ್ದೂ. ಇದರಿಂದ ಮುಖದ ಹಿಂದಿನ ಕಂಬ ಕಣ್ತಪ್ಪದೆ ಕಾಣುವುದು ಲಾಭ. ಎಫ್/2ರಲ್ಲಿ ಆ ಕಂಬ ಹೇಗೆ ಕರಗುತ್ತದೆ ಎಂದು ತಿಳಿಯದೇ ಹೋಗುವುದು ನಷ್ಟ. ಆದ್ದರಿಂದ ಈ ಕ್ಯಾಮೆರಾದಲ್ಲಿ ಹಿನ್ನೆಲೆಯನ್ನು ಮಬ್ಬು ಮಾಡಿ ಗೆಲ್ಲುವುದಕ್ಕಿಂತ, ಕಾಲು ಸರಿಸಿ ಗೆಲ್ಲುವುದೇ ಸಲೀಸು. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಹೂವಿನ ಸಾಲಿನಂಥ ಜಾಗದಲ್ಲಿ ಮೊದಲು ನೆತ್ತಿಯ ಮೇಲೆ ನೋಡಿ. ನೀಲಿ ಟಾರ್ಪಾಲಿನ ಕೆಳಗೆ ಕೂತವರ ಮುಖ ನೀಲಿಯಾಗಿಯೇ ಬರುತ್ತದೆ, ಲೆನ್ಸು ಜರ್ಮನಿಯದಾದರೂ. ಎರಡು ಹೆಜ್ಜೆ ಆಚೆ, ಟಾರ್ಪಾಲಿನ ಅಂಚಿನಲ್ಲಿ, ಬಯಲ ಬೆಳಕು ಬೀಳುವ ಕಡೆ ಕೂತವರನ್ನು ಹುಡುಕಿ. ಅಲ್ಲಿ ಹಿನ್ನೆಲೆ ತಾನಾಗಿ ಕತ್ತಲಾಗಿರುತ್ತದೆ. ಆ ನೆರಳಿಗೆ ಐಎಸ್‌ಒ 400ರಲ್ಲಿ ಎಫ್/5.6, 1/500 ಅಥವಾ ಎಫ್/8, 1/250. ಮೀಟರ್ ನೋಡದೆ ಇಟ್ಟುಕೊಂಡು ನಿಲ್ಲಬಹುದು.

ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸಾನ್ ಬಹುಪಾಲು 50 ಮಿ.ಮೀ. ಒಂದರಲ್ಲೇ ಬದುಕಿದವರು. 1948ರ ಜನವರಿ 30ರ ರಾತ್ರಿ ಬಿರ್ಲಾ ಹೌಸಿನ ಗೇಟಿನ ಬಳಿ, ಗಾಂಧೀಜಿ ಇನ್ನಿಲ್ಲವೆಂದು ನೆಹರೂ ಜನರಿಗೆ ತಿಳಿಸುತ್ತಿರುವ ಅವರ ಚಿತ್ರವನ್ನು ಹಿಗ್ಗಿಸಿ ನೋಡಿ. ಮಂದ ದೀಪ, ಮುಖ ಕದಲಿದೆ, ಮೊನಚೆಂಬುದಿಲ್ಲ. ಮೇಲೆ ಹೇಳಿದ ಒಂದು ಪರೀಕ್ಷೆಯಲ್ಲೂ ಪಾಸಾಗದ ಚಿತ್ರ. ಹಾಗಾದರೆ ಸ್ಕೇಲು, ದಿನಪತ್ರಿಕೆ ಎಲ್ಲ ಯಾಕೆ ಎಂದು ಕೇಳಬಹುದು. ಮಬ್ಬು ಬಂದಾಗ ಅದು ಬೆಳಕಿನಿಂದ ಬಂದದ್ದೋ, ಕೈಯಿಂದಲೋ, ಶಿಮ್ಮಿನಿಂದಲೋ ಎಂದು ತಿಳಿದಿದ್ದರೆ ಯಾವ ಮಬ್ಬನ್ನು ಇಟ್ಟುಕೊಳ್ಳಬೇಕೆಂದು ನೀವೇ ತೀರ್ಮಾನಿಸಬಹುದು.

ವಾರಕ್ಕೆ 36 ಚಿತ್ರ ಸಾಕು, ಡಿಜಿಟಲ್ ಆದರೂ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಸಣ್ಣದಾಗಿ ಪ್ರಿಂಟ್ ಮಾಡಿ, ಹಾಳೆಯನ್ನು ತಲೆಕೆಳಗಾಗಿ ಹಿಡಿದು ನೋಡಿ. ತಲೆಕೆಳಗಾದಾಗ ಮುಖ, ಕತೆ ಕಾಣುವುದಿಲ್ಲ. ಬೆಳಕಿನ ತುಂಡುಗಳು, ಅಂಚಿನಲ್ಲಿ ಕತ್ತರಿಸಿದ ಕಾಲುಗಳು ಕಾಣುತ್ತವೆ. ಕೆಟ್ಟ ಪ್ರತಿಯೊಂದರ ಕೆಳಗೆ ಒಂದೇ ಅಕ್ಷರ ಬರೆಯಿರಿ. ಫೋಕಸ್ ತಪ್ಪಿದ್ದಕ್ಕೆ 'ಫೋ', ನಡುಕಕ್ಕೆ 'ನ', ದೂರ ನಿಂತದ್ದಕ್ಕೆ 'ದೂ', ಹಿನ್ನೆಲೆಗೆ 'ಹಿ', ತಡವಾದದ್ದಕ್ಕೆ 'ತ', ಲೆನ್ಸಿನ ಮಿತಿಯಿಂದ ಕೆಟ್ಟದ್ದಕ್ಕೆ 'ಲೆ'. ನಾಲ್ಕು ವಾರದ ಹಾಳೆಗಳಲ್ಲಿ 'ಲೆ' ಎಷ್ಟಿದೆ ಎಂದು ಎಣಿಸಿದ ಮೇಲೆ ಅಂಗಡಿಯ ಪುಟ ತೆರೆಯಿರಿ.

'ದೂ' ಮತ್ತು 'ತ' ಹೆಚ್ಚಿದ್ದರೆ ದೂರ ಮೊದಲೇ ಇಟ್ಟುಕೊಳ್ಳುವುದನ್ನು ಕಲಿಯಿರಿ. 35 ಮಿ.ಮೀ., ಎಫ್/8, ಫೋಕಸ್ 3 ಮೀಟರಿಗೆ. ಲೆನ್ಸಿನ ಮೇಲಿನ ಡೆಪ್ತ್ ಸ್ಕೇಲ್ 1.9ರಿಂದ 7.3 ಮೀಟರ್ ವರೆಗೆ ಚೊಕ್ಕ ಎನ್ನುತ್ತದೆ. ಅದು 0.03 ಮಿ.ಮೀ. ಮಬ್ಬನ್ನು ಮಾಫಿ ಮಾಡಿದ ಫಿಲ್ಮ್ ಕಾಲದ ಲೆಕ್ಕ. 24 ಮೆಗಾಪಿಕ್ಸೆಲಿನಲ್ಲಿ ಅಷ್ಟು ಮಬ್ಬೆಂದರೆ ಐದು ಪಿಕ್ಸೆಲ್. ಎಫ್/8 ಇಟ್ಟಾಗ ಸ್ಕೇಲಿನಲ್ಲಿ ಎಫ್/4ರ ಗುರುತು ಓದಿ: 2.3ರಿಂದ 4.2 ಮೀಟರ್. ಹರವು ಕುಗ್ಗಿತು, ಆದರೆ ನಂಬಬಹುದಾದ ಹರವು.

ಟ್ಯಾಬು ಇರುವ ಲೆನ್ಸಾದರೆ ಒಂದು ಸಂಜೆ ಮನೆಯಲ್ಲೇ ಕೂತು, ಟೇಪಿನಿಂದ ನೆಲದ ಮೇಲೆ 1.2, 2 ಮತ್ತು 3 ಮೀಟರಿಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ಒಂದೊಂದು ಗೆರೆಯ ಮೇಲೂ ಒಂದು ಚೊಂಬಿಟ್ಟು ಫೋಕಸ್ ಮಾಡಿ, ಟ್ಯಾಬು ಗಡಿಯಾರದ ಎಷ್ಟು ಗಂಟೆಗೆ ನಿಂತಿದೆ ಎಂದು ಬೆರಳಿನಿಂದ ಮುಟ್ಟಿ ನೋಡಿ. ಲೆನ್ಸಿನಿಂದ ಲೆನ್ಸಿಗೆ ಅದು ಬೇರೆ. ಆಮೇಲೆ ದೀಪ ಆರಿಸಿ, ಯಾರಾದರೂ 'ಎರಡು' ಎಂದರೆ ಎರಡಕ್ಕೆ, 'ಮೂರು' ಎಂದರೆ ಮೂರಕ್ಕೆ ತಿರುಗಿಸಿ, ದೀಪ ಹಾಕಿ ಅಂಕಿ ನೋಡಿ. ಇಪ್ಪತ್ತಕ್ಕೆ ಹದಿನೆಂಟು ಸರಿಬಂದ ದಿನದಿಂದ ಕ್ಯಾಮೆರಾ ಎದೆಯ ಮೇಲಿರುವಾಗಲೇ ಫೋಕಸ್ ಆಗಿರುತ್ತದೆ.